ರಿಲೇ ಆರಿಸಿದ್ದು ಯಾರು

ಆ ಗಂಡ ಹೆಂಡತಿ ಆಡಿದ ಜಗಳಗಳಲ್ಲೆಲ್ಲ ದೊಡ್ಡದು ಒಡವೆಗಲ್ಲ, ತವರಿನ ಮಾತಿಗಲ್ಲ, ಒಂದು ರಿಲೇಗೆ. ಕೇಳಿದವರು ನಕ್ಕರೆ ನಗಲಿ. ಹೆಬ್ಬೆರಳ ಉಗುರಿನಷ್ಟು ಅಗಲದ ಪ್ಲಾಸ್ಟಿಕ್ ಡಬ್ಬಿ ಅದು. ಒಳಗೊಂದು ತಂತಿಯ ಸುರುಳಿ, ಅದರ ಮುಂದೆ ತೆಳ್ಳನೆಯ ತಗಡು. ಸುರುಳಿಗೆ ಕರೆಂಟು ಬಿಟ್ಟರೆ ತಗಡು ಟಕ್ಕೆಂದು ಈ ಕಡೆಯಿಂದ ಆ ಕಡೆ ವಾಲುತ್ತದೆ, ನಿಲ್ಲಿಸಿದರೆ ಟಕ್ಕೆಂದು ವಾಪಸ್ಸು ಬರುತ್ತದೆ. ಅದರ ಜನ್ಮಕ್ಕೆ ಇರುವ ಕೆಲಸ ಅಷ್ಟೇ.

ಅವರಿಬ್ಬರ ಹೊಟ್ಟೆಪಾಡು ಕಿವಿ ಪರೀಕ್ಷೆಯ ಯಂತ್ರ ಮಾಡುವುದು. ಮನೆಯ ಕೆಳಗಿನ ಎರಡು ಕೋಣೆಗಳೇ ಕಾರ್ಖಾನೆ. ತಲೆಗೆ ಹೆಡ್‌ಫೋನ್ ಹಾಕಿಸಿ, ಸಣ್ಣ ಸಣ್ಣ ಸದ್ದು ಬಿಟ್ಟು, "ಕೇಳಿಸಿದರೆ ಕೈ ಎತ್ತಿ" ಅನ್ನುತ್ತಾರಲ್ಲ, ಆ ಯಂತ್ರ. ಅದರ ಜೀವ ಇರುವುದು ಸದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತಗ್ಗಿಸುವ ಭಾಗದಲ್ಲಿ, ಅಟೆನ್ಯುಯೇಟರ್ ಅನ್ನುತ್ತಾರೆ. ಯಾವ ಮೆಟ್ಟಿಲಿನಲ್ಲಿ ಕರೆಂಟು ತಡೆಯುವ ಯಾವ ರೆಸಿಸ್ಟರು ಎಂಬುದು ಬರೀ ಲೆಕ್ಕ. ಆದರೆ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ದಾಟಿಸುವವರು ಯಾರು? ಜಗಳ ಹತ್ತಿದ್ದು ಅಲ್ಲಿ.

ಗಂಡನಿಗೆ ಚಿಪ್ ಬೇಕಿತ್ತು. ಚಿಕ್ಕದು, ಅಗ್ಗ, ಸದ್ದಿಲ್ಲ. ಹೆಂಡತಿ ಒಪ್ಪಲಿಲ್ಲ, ಅವಳಿಗೆ ರಿಲೇಯೇ ಬೇಕಿತ್ತು. ಇಬ್ಬರೂ ಓದಿದ್ದು ಒಂದೇ ಕಡೆ, ಒಂದೇ ಬೆಂಚು; ಅಂಕ ಅವಳಿಗೆ ಒಂದು ಹಿಡಿ ಜಾಸ್ತಿ. ಈ ವಿಷಯವನ್ನು ಅವನೂ ಯಾರ ಮುಂದೂ ಎತ್ತುತ್ತಿರಲಿಲ್ಲ, ಅವಳೂ ಎತ್ತುತ್ತಿರಲಿಲ್ಲ. ಸುಮ್ಮನಿರುವುದಕ್ಕೆ ಇಬ್ಬರ ಕಾರಣ ಬೇರೆ ಬೇರೆ.

"ರೀ, ಚಿಪ್ಪು ಪೂರ್ತಿ ಮುಚ್ಚಲ್ಲ. ವಾಷರ್ ಹೋದ ನಲ್ಲಿ ಥರ ತೊಟ್ಟಿಕ್ತಾನೇ ಇರುತ್ತೆ," ಎಂದಿದ್ದಳು.

"ಎಷ್ಟು ತೊಟ್ಟಿಕ್ಕುತ್ತೆ? ಕೂದಲೆಳೆಯಷ್ಟು."

"ಕಿವಿ ಪರೀಕ್ಷೇಲಿ ನಾವು ಅಳೆಯೋದೇ ಆ ಕೂದಲೆಳೇನ."

ಮಾತಿಗೆ ಮಾತು ಸಿಗದಿದ್ದಾಗ ಅವನು ಊಟದ ತಟ್ಟೆ ಎತ್ತಿಕೊಂಡು ಕೆಳಗಿನ ಕೋಣೆಗೆ ಹೋಗಿಬಿಡುತ್ತಿದ್ದ. ಒಂದು ವಾರ ಹಾಗೇ ನಡೆಯಿತು. ನಡುವೆ ಮೂರನೆಯ ದಾರಿಯೊಂದನ್ನೂ ನೋಡಿದರು: ಪುಟ್ಟ ದೀಪ, ಅದರ ಎದುರಿಗೆ ಬೆಳಕು ಬಿದ್ದರೆ ಸಡಿಲವಾಗುವ ರೆಸಿಸ್ಟರು. ಅದಕ್ಕೆ ಸದ್ದೂ ಇಲ್ಲ, ಸೋರಿಕೆಯೂ ಕಡಿಮೆ. ಆದರೆ ಕಾವಿಗೆ ಅಳತೆ ಜಾರುತ್ತದೆ, ಬೆಳಗ್ಗೆ ಒಂದು ಮಧ್ಯಾಹ್ನ ಒಂದು. ಕೊನೆಗೆ ಗಂಡ ರಿಲೇಗೆ ತಲೆಬಾಗಿದ. ತಲೆಬಾಗಿದವನು ಸುಮ್ಮನೆ ಬಾಗುತ್ತಾನೆಯೇ? ಯಾವ ರಿಲೇ ಎಂಬುದನ್ನು ತಾನೇ ಆರಿಸಿದ. ಅವಳು ಹೇಳಿದಂತೆ ತಗಡು ಬಂದು ಮುಟ್ಟುವ ಜಾಗಕ್ಕೆ, ಅಂದರೆ ಕಾಂಟ್ಯಾಕ್ಟಿಗೆ, ಚಿನ್ನದ ಲೇಪ, ಏಕೆಂದರೆ ಅಷ್ಟು ಸಣ್ಣ ಸದ್ದಿಗೆ ಬೆಳ್ಳಿಯದಾದರೆ ಕಿಲುಬು ಕಟ್ಟುತ್ತದೆ. ಅವನು ಹೇಳಿದಂತೆ ಗಟ್ಟಿ ಸ್ಪ್ರಿಂಗಿನದು. "ಬಡಿದರೆ ಬಡಿದ ಹಾಗಿರಬೇಕು. ಮೆತ್ತಗೆ ಮುಟ್ಟೋ ರಿಲೇನ ನಾನು ನಂಬಲ್ಲ," ಎಂದ. ಗುಂಡಿ ಒತ್ತುವ ತನಕ ರಿಲೇಗಳೆಲ್ಲ ಮಲಗಿರಬೇಕು, ಮಲಗಿದ್ದಾಗ ಪೂರ್ತಿ ಮೌನ. ಒತ್ತಿದೊಡನೆ ಎಲ್ಲವೂ ಒಟ್ಟಿಗೆ ಎದ್ದು ಜಾಗ ಹಿಡಿದು ಸದ್ದು ಬಿಡಬೇಕು. ಕರೆಂಟು ಹೋದರೂ ಪರೀಕ್ಷೆಗೆ ಕೂತವರ ಕಿವಿಗೆ ಏನೂ ಬಡಿಯಬಾರದು. ಇದನ್ನು ಮಾತ್ರ ಇಬ್ಬರೂ ಜಗಳವಿಲ್ಲದೆ ಒಪ್ಪಿದರು.

ಉಳಿದದ್ದು ಆ ಟಕ್. ಹೆಡ್‌ಫೋನಿನೊಳಗೆ ಅದು ಬಾರದ ಹಾಗೆ, ಕಾಂಟ್ಯಾಕ್ಟು ಕೂತ ಮೇಲೆಯೇ ಸದ್ದು ನಿಧಾನವಾಗಿ ಏರುವಂತೆ ಅವಳು ಮಾಡಿದಳು. ಗಾಳಿಯಲ್ಲಿ ಬಾರದ ಹಾಗೆ ಪೆಟ್ಟಿಗೆಯ ಒಳಗೋಡೆಗೆಲ್ಲ ಅವನು ಸ್ಪಂಜು ಅಂಟಿಸಿದ. ಕಿಟಕಿ ಬಾಗಿಲು ಮುಚ್ಚಿ, ಒಬ್ಬರಾದ ಮೇಲೆ ಒಬ್ಬರು ಹೆಡ್‌ಫೋನ್ ಹಾಕಿಕೊಂಡು, ಉಸಿರು ಬಿಗಿಹಿಡಿದು ಕೇಳಿದರು. ಏನೂ ಕೇಳಿಸಲಿಲ್ಲ. ಕಿವಿ ಇದ್ದವರಿಬ್ಬರೂ ಸೈ ಅಂದರು.

ಯಂತ್ರ ಗೆದ್ದಿತು. ಶಾಲೆಗಳವರು ಕೊಂಡರು, ಕ್ಲಿನಿಕ್ಕಿನವರು ಕೊಂಡರು. ಬೀದಿಯವರು ಅವನಿಗೆ 'ಕಿವಿ ಡಾಕ್ಟ್ರು' ಎಂದು ಹೆಸರಿಟ್ಟರು, ಅವನು ಬೇಡವೆನ್ನಲಿಲ್ಲ. ಕೊಳ್ಳಲು ಬಂದವರ ಮುಂದೆ ಮುಚ್ಚಳ ತೆಗೆದು, "ಬೇರೆಯವರೆಲ್ಲ ಚಿಪ್ಪು ಹಾಕಿ ಕೈ ತೊಳ್ಕೋತಾರೆ. ನಾನು ಹಠ ಹಿಡಿದು ರಿಲೇನೇ ಹಾಕಿದೆ," ಅನ್ನುತ್ತಿದ್ದ. ಪಕ್ಕದ ಮೇಜಿನಲ್ಲಿ ಬೆಸುಗೆ ಹಾಕುತ್ತಿದ್ದ ಹೆಂಡತಿ ತಲೆ ಎತ್ತುತ್ತಿರಲಿಲ್ಲ. ಆಗಿನ್ನೂ ಅದು ಅವಳಿಗೆ ನಗುವ ವಿಷಯ.

ಮಗಳು ಹುಟ್ಟಿದಾಗ ಅಂಗೈಯಲ್ಲಿ ಹಿಡಿಯುವಷ್ಟಿದ್ದಳು. ಅಜ್ಜಿ ಬಟಾಣಿ ಎಂದು ಕರೆದರು, ಅದೇ ನಿಂತಿತು. ಬಟಾಣಿಗೆ ಎರಡು ತುಂಬಿದರೂ ಮಾತು ಬರಲಿಲ್ಲ. ಅಮ್ಮ ಅನ್ನುತ್ತಿದ್ದಳು, ಬಾ ಅನ್ನುತ್ತಿದ್ದಳು, ಉಳಿದದ್ದೆಲ್ಲ ಕೈಸನ್ನೆ, ಕಿರುಚಾಟ. "ಕೆಲವು ಮಕ್ಕಳು ತಡ," ಎಂದರು ಅಜ್ಜಿ ಮೊದಮೊದಲು. ಆಮೇಲೆ ಸೊಸೆಯ ಕಡೆ ತಿರುಗಿದರು. "ತಾಯಿ ಬಾಯಿ ಬಿಟ್ರೆ ತಾನೇ ಮಗು ಬಾಯಿ ಬಿಡೋದು? ನೀನು ಇಡೀ ದಿನ ಆ ಹೊಗೆ ಕಡ್ಡಿ ಹಿಡ್ಕೊಂಡು ಕೂತ್ರೆ ಅದು ಯಾರ ಹತ್ರ ಮಾತು ಕಲೀಬೇಕು?"

ಸೊಸೆಗೆ ಒಳಗೊಳಗೇ ಬೇರೆ ಅನುಮಾನವಿತ್ತು. ಹಿಂದಿನಿಂದ ಕರೆದರೆ ಮಗು ತಿರುಗುವುದಿಲ್ಲ. ಬಾಗಿಲು ಬಡಿದರೆ ತಿರುಗುತ್ತದೆ. ಗಂಡನಿಗೆ ಹೇಳಿದಳು. ಅವನು ನಕ್ಕ. "ಕಿವಿ ಡಾಕ್ಟ್ರ ಮಗಳಿಗೆ ಕಿವಿ ಕೇಳಲ್ವಾ? ಬಾ, ಈಗಲೇ ನೋಡೇಬಿಡೋಣ."

ಚಿಕ್ಕ ಮಕ್ಕಳಿಗೆ ಕೈ ಎತ್ತು ಅಂದರೆ ತಿಳಿಯುವುದಿಲ್ಲ, ಅದಕ್ಕೊಂದು ಆಟ ಕಟ್ಟುತ್ತಾರೆ. ಮಗುವಿನ ಕೈಗೆ ಮರದ ಮಣಿ ಕೊಟ್ಟು, ಮುಂದೆ ಬಟ್ಟಲಿಟ್ಟು, ಸದ್ದು ಬಿಟ್ಟಾಗಲೆಲ್ಲ ಕೈ ಹಿಡಿದು ಮಣಿ ಹಾಕಿಸುವುದು. ನಾಲ್ಕಾರು ಸಲ ಆದ ಮೇಲೆ ಮಗು ತಾನೇ ಹಾಕುತ್ತದೆ. ಮೂರು ವರ್ಷದ ಬಟಾಣಿ ಎರಡೇ ಸಲಕ್ಕೆ ಕಲಿತಳು. ಮೊಣಕೈಗಳನ್ನು ಮೇಜಿನ ಮೇಲೆ ಊರಿ, ಮಣಿಯನ್ನು ಗಲ್ಲದ ಹತ್ತಿರ ಹಿಡಿದು, ಕಣ್ಣು ಮಿಟುಕಿಸದೆ ಕಾಯುತ್ತಿದ್ದಳು. ಅಪ್ಪ ಗುಂಡಿ ಒತ್ತಿದರೆ ಟಣ್ ಎಂದು ಮಣಿ ಬಟ್ಟಲಿಗೆ. ಸದ್ದು ತಗ್ಗಿಸುತ್ತ ಹೋದ, ಮಣಿ ತಪ್ಪಲಿಲ್ಲ. ಕೊನೆಯ ಮೆಟ್ಟಿಲು, ದೊಡ್ಡವರಿಗೇ ಕೇಳಿಸದಂಥದ್ದು, ಅಲ್ಲೂ ಟಣ್.

"ನೋಡಿದ್ಯಾ? ಅಪ್ಪಟ ಕಿವಿ! ನಮ್ಮಿಬ್ಬರಿಗಿಂತ ಚುರುಕು," ಎಂದು ಮಗುವನ್ನು ಎತ್ತಿ ಕುಣಿಸಿದ.

ಅವಳಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಒಬ್ಬಳೇ ಮಗುವನ್ನು ಕಟ್ಟಿಕೊಂಡು ಊರಿನ ಕ್ಲಿನಿಕ್ಕಿಗೂ ಹೋದಳು. ಅಲ್ಲಿ ಮೇಜಿನ ಮೇಲೆ ಕೂತಿದ್ದದ್ದು ಅವರದೇ ಯಂತ್ರ, ಅವಳೇ ಬೆಸುಗೆ ಹಾಕಿದ್ದು. ಅಲ್ಲೂ ಬಟಾಣಿ ಒಂದೂ ಮಣಿ ತಪ್ಪಲಿಲ್ಲ. ಪರೀಕ್ಷೆ ಮಾಡಿದಾಕೆ, "ನಿಮಗೆ ನಿಮ್ಮ ಮೆಷಿನ್ ಮೇಲೇ ನಂಬಿಕೆ ಇಲ್ವಾ?" ಎಂದು ನಗೆಯಾಡಿದರು. ಇವಳು ನಾಚಿಕೊಂಡು ಮನೆಗೆ ಬಂದಳು.

ಕಿವಿ ಸರಿ ಇದೆ ಎಂದ ಮೇಲೆ ತಪ್ಪು ಮಗುವಿನದೇ ಆಗಬೇಕಲ್ಲ. ಬಟಾಣಿ ಮೊಂಡಿ ಎನಿಸಿಕೊಂಡಳು, ಹಠಮಾರಿ ಎನಿಸಿಕೊಂಡಳು. ಕೇಳಿಸಿದರೂ ಕೇಳಿಸದ ಹಾಗೆ ನಟಿಸುತ್ತಾಳೆ ಎಂದು ಶಾಲೆಯ ಟೀಚರು ಮೂಲೆಯಲ್ಲಿ ನಿಲ್ಲಿಸಿದರು. ಒಂದು ದಿನ ಕಾದ ಬೆಸುಗೆ ಕಡ್ಡಿಗೆ ಮಗು ಕೈ ಚಾಚಿತು. ತಾಯಿ ಕೋಣೆಯ ಆಚೆಯಿಂದ ಕೂಗಿದಳು, ಮತ್ತೆ ಕೂಗಿದಳು, ಮಗು ತಿರುಗಿಯೂ ನೋಡಲಿಲ್ಲ. ಓಡಿಬಂದು ಕೈ ಎಳೆದು ಕೆನ್ನೆಗೆ ಒಂದು ಬಿಟ್ಟಳು. "ಕಿವಿ ಏನು ಕಿತ್ತು ಹೋಗಿದ್ಯಾ ನಿಂಗೆ?" ಎಂದಳು. ಬಟಾಣಿ ಅಳುತ್ತ ಅವಳ ತುಟಿಗಳನ್ನೇ ನೋಡುತ್ತಿದ್ದಳು. ದೀಪದ ಬುಡದಲ್ಲೇ ಕತ್ತಲು ಅನ್ನುವುದು ಸುಳ್ಳಲ್ಲ. ಈ ಮನೆಯಲ್ಲಿ ಕತ್ತಲಿಗೆ ಸರ್ಟಿಫಿಕೇಟೂ ಇತ್ತು.

ಹೀಗೇ ಒಂದೂವರೆ ವರ್ಷ ಹೋಯಿತು. ಇದರ ನಡುವೆ ಗಂಡ ಒಂದು ಪದ್ಧತಿ ಇಟ್ಟುಕೊಂಡಿದ್ದ. ಹೊಸ ಯಂತ್ರ ತಯಾರಾದಾಗಲೆಲ್ಲ ಮೊದಲು ಕೂರಬೇಕಾದವಳು ಮಗಳು. 'ಬಟಾಣಿ ಬೋಣಿ' ಎಂದು ಅದಕ್ಕೆ ಹೆಸರು. ಅವಳು ಕೊನೆಯ ಮೆಟ್ಟಿಲಿನ ತನಕ ಮಣಿ ಹಾಕಿದರೆ ಯಂತ್ರ ಗೆದ್ದ ಹಾಗೆ. ಬಟಾಣಿಗೂ ಆ ಆಟವೆಂದರೆ ಪ್ರಾಣ. ಇಡೀ ದಿನ ಬೈಸಿಕೊಳ್ಳುವ ಮಗುವಿಗೆ ತಪ್ಪಿಲ್ಲದೆ ಮಾಡಲು ಬರುತ್ತಿದ್ದದ್ದು ಅದೊಂದೇ.

ಅವತ್ತು ಮಧ್ಯಾಹ್ನ ಒಂದು ಯಂತ್ರ ಸಾಗಿಸುವುದಿತ್ತು. ಹೆಡ್‌ಫೋನಿನ ತಂತಿ ತುದಿಯಲ್ಲಿ ಸಡಿಲವಾಗಿತ್ತೆಂದು ಅವಳು ಪ್ಲಗ್ಗನ್ನು ಕತ್ತರಿಸಿ ತೆಗೆದಿದ್ದಳು. ಹೊಸ ಪ್ಲಗ್ಗು ಹುಡುಕುವಷ್ಟರಲ್ಲಿ ಬಟಾಣಿ ಓಡಿಬಂದು ಹೆಡ್‌ಫೋನ್ ತಲೆಗೇರಿಸಿಕೊಂಡು ಕುರ್ಚಿ ಹತ್ತಿದಳು. ಗಂಡ ಈ ಕಡೆ ನೋಡಲೇ ಇಲ್ಲ. ಮೀಟರಿನ ಮುಳ್ಳಿನ ಮೇಲೆ ಕಣ್ಣಿಟ್ಟು ಒತ್ತಲು ಶುರುಮಾಡಿಬಿಟ್ಟ. ಪ್ಲಗ್ಗಿಲ್ಲ ಎಂದು ಹೇಳಲು ಅವಳು ಬಾಯಿ ತೆರೆದಳು.

ಟಣ್. ಮಣಿ ಬಟ್ಟಲಿಗೆ ಬಿತ್ತು.

ತಂತಿಯ ತುದಿ ತಾಯಿಯ ಕೈಯಲ್ಲಿತ್ತು, ಎರಡು ಬಣ್ಣದ ಎಳೆಗಳು ಬತ್ತಲೆಯಾಗಿ ಹೊರಗೆ ಚಾಚಿಕೊಂಡು. ಅವನು ಒತ್ತಿದ, ಮಣಿ ಬಿತ್ತು. ಮತ್ತೆ ಒತ್ತಿದ, ಮತ್ತೆ ಬಿತ್ತು.

"ಕೊನೇ ಮೆಟ್ಲೂ ಪಾಸ್!" ಎಂದು ಗಂಡ ತಿರುಗಿದ. ಅವಳು ತಂತಿಯ ತುದಿಯನ್ನು ಎತ್ತಿ ತೋರಿಸಿದಳು.

ಅವನು ತಂತಿ ನೋಡಿದ, ಮಗಳ ತಲೆ ನೋಡಿದ, ಮತ್ತೆ ತಂತಿ ನೋಡಿದ. "ಅಂದ್ರೆ... ಹೊರಗಡೆ ಟಕ್ ಕೇಳಿಸ್ತಿದೆ ಅವಳಿಗೆ. ಸ್ಪಂಜು ಸಾಲ್ತಿಲ್ಲ. ನೋಡು, ಎಂಥಾ ಚುರುಕು ಕಿವಿ!"

ಅವಳು ಮಗುವಿನ ಹೆಡ್‌ಫೋನ್ ತೆಗೆದಳು. ಗೋಡೆಗೆ ಒರಗಿಸಿದ್ದ ಹಾಸಿಗೆಯನ್ನು ನೆಲಕ್ಕೆ ಕೆಡವಿ, ಮಗುವನ್ನು ಅದರ ಮೇಲೆ ನಿಲ್ಲಿಸಿದಳು. ಮೇಜು ಕೈಗೆಟುಕುವಷ್ಟು ಹತ್ತಿರವೇ ಇತ್ತು, ಆದರೆ ಮಗು ಅದನ್ನು ಮುಟ್ಟುತ್ತಿರಲಿಲ್ಲ. ಕೈಗೆ ಮಣಿ ಕೊಟ್ಟಳು. "ಒತ್ತಿ," ಎಂದಳು.

ಒತ್ತಿದ. ಬಟಾಣಿ ಅಪ್ಪನನ್ನು ನೋಡುತ್ತ ಕಾದಳು. ಇನ್ನೊಮ್ಮೆ ಒತ್ತಿದ. ಮುಚ್ಚಳ ತೆಗೆದು, ಸ್ಪಂಜು ಕಿತ್ತು, ಒತ್ತಿದ. ಟಕ್ಕೆಂಬ ಸದ್ದು ಕೋಣೆಯ ಆ ಮೂಲೆಗೂ ಕೇಳುತ್ತಿತ್ತು. ಬಟಾಣಿ ಕಾಯುತ್ತಲೇ ಇದ್ದಳು, ಆಟ ಯಾವಾಗ ಶುರುವಾಗುತ್ತದೆ ಎಂಬಂತೆ. ತಾಯಿ ಬಗ್ಗಿ, ಮಗುವಿನ ಮೊಣಕೈಯನ್ನು ಮೆಲ್ಲಗೆ ತಂದು ಮೇಜಿನ ಮೇಲಿಟ್ಟಳು.

ಒತ್ತಿದ. ಮಣಿ ಬಿತ್ತು.

ಕಿವಿಗೆ ಕೇಳಬಾರದೆಂದು ಏನೇನೆಲ್ಲ ಮಾಡಿದ್ದರು. ಮೊಣಕೈಗೂ ತಿಳಿಯುತ್ತದೆಂದು ಯಾರಿಗೂ ಹೊಳೆದಿರಲಿಲ್ಲ. ಗಟ್ಟಿ ಸ್ಪ್ರಿಂಗಿನ ರಿಲೇಗಳು ಒಟ್ಟಿಗೆ ಎದ್ದು ಬಡಿದರೆ ಪೆಟ್ಟಿಗೆ ನಡುಗುತ್ತದೆ, ಪೆಟ್ಟಿಗೆಯಿಂದ ಮೇಜು, ಮೇಜಿನಿಂದ ಮಗುವಿನ ಎಲುಬು. ಮಗು ಮೋಸ ಮಾಡಿರಲಿಲ್ಲ. ಗುಂಡಿ ಒತ್ತಿದಾಗ ಬರುವುದಕ್ಕೆ ಮಣಿ ಹಾಕು ಅಂದಿದ್ದರು, ತನಗೆ ಬಂದದ್ದಕ್ಕೆ ಅದು ಹಾಕಿತ್ತು. ಅವಳು ಮಗುವನ್ನು ಎದೆಗೆ ಅವಚಿಕೊಂಡು ನೆಲಕ್ಕೆ ಕೂತಳು. ತಾನು ಹೊಡೆದ ಕೆನ್ನೆ ಯಾವುದೆಂದು ಎಷ್ಟು ನೆನೆಸಿಕೊಂಡರೂ ನೆನಪಾಗಲಿಲ್ಲ, ಅದಕ್ಕೇ ಎರಡಕ್ಕೂ ಮುತ್ತಿಟ್ಟಳು.

ಗಂಡ ಕಿತ್ತ ಸ್ಪಂಜಿನ ಚೂರುಗಳನ್ನು ಒಂದೊಂದಾಗಿ ಆಯ್ದು ಮೇಜಿನ ಮೇಲಿಟ್ಟ. ಅವನ ಕಣ್ಣಲ್ಲೂ ನೀರಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆಮೇಲೆ ಬಾಯಿ ಬಿಟ್ಟ.

"ನಾನು ಆವತ್ತೇ ಚಿಪ್ಪು ಹಾಕೋಣ ಅಂದೆ. ರಿಲೇನೇ ಬೇಕು ಅಂತ ಹಠ ಹಿಡಿದವಳು ನೀನು."

ಅಷ್ಟು ವರ್ಷ ನನ್ನ ರಿಲೇ, ನನ್ನ ಹಠ ಎಂದು ಊರೆಲ್ಲ ಸಾರಿದ್ದ ಬಾಯಿ ಅದು. ಗೆದ್ದರೆ ನಂದು, ಬಿದ್ದರೆ ನಿಂದು. ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಂದದ್ದು ಅಸಹ್ಯ. ಅದಕ್ಕಿಂತ ಕೆಟ್ಟದ್ದೆಂದರೆ ಅವನ ಮಾತು ಸುಳ್ಳಾಗಿರಲಿಲ್ಲ. ಹಠ ಹಿಡಿದವಳು ಅವಳೇ, ಒಂದೊಂದು ರಿಲೇಯನ್ನೂ ಕೈಯಾರೆ ಕೂರಿಸಿದವಳೂ ಅವಳೇ.

"ಹೌದು, ನಾನೇ ಅಂದೆ," ಎಂದಳು. "ಈಗ ಫೋನ್ ತಗೊಳ್ಳಿ. ಕೊಂಡವರಿಗೆಲ್ಲ ಹೇಳಿ, ಆ ಮೆಷಿನ್ ಮೇಜಿನ ಮೇಲೆ ಇಡಬೇಡಿ, ಮಕ್ಕಳನ್ನ ಇನ್ನೊಂದ್ಸಲ ನೋಡಿ ಅಂತ."

"ಹೇಳ್ತೀನಿ ಕಣೇ. ಹೊಸ ಮೆಷಿನ್ ಕೈಲಿ ಹಿಡ್ಕೊಂಡು ಹೇಳಿದ್ರೆ ಸುಧಾರಣೆ ಆಗುತ್ತೆ. ಬರಿಗೈಲಿ ಹೇಳಿದ್ರೆ ಮಾನ ಹೋಗುತ್ತೆ. ಸ್ವಲ್ಪ ದಿನ ತಡಿ."

ಅವಳು ತಡೆಯಲಿಲ್ಲ. ತಾನೇ ಒಂದು ಶಾಲೆಗೆ ಫೋನು ಮಾಡಿದಳು. ಅಲ್ಲಿಯ ಹೆಡ್‌ಮಿಸ್ ಎಲ್ಲ ಕೇಳಿಸಿಕೊಂಡು, "ಅಯ್ಯೋ, ನೀವು ಗಾಬರಿ ಆಗ್ಬೇಡಿ. ನಿಮ್ಮ ಮೆಷಿನ್ ಬಗ್ಗೆ ನಮ್ದೇನೂ ದೂರಿಲ್ಲ. ನಮ್ಮ ಮಕ್ಕಳೆಲ್ಲ ಪಾಸಾಗಿದ್ದಾರೆ," ಎಂದರು. ಇನ್ನೊಂದು ಕಡೆ ಮಾಡಿದಳು. ಅಲ್ಲಿಯೂ ಎಲ್ಲರೂ ಪಾಸು.

ಮಗುವನ್ನು ಕರೆದುಕೊಂಡು ದೊಡ್ಡ ಆಸ್ಪತ್ರೆಗೆ ಹೋದಳು. ಅಲ್ಲಿ ಮಣಿಯೂ ಇಲ್ಲ, ಮೇಜೂ ಇಲ್ಲ. ಮಗುವನ್ನು ನಿದ್ದೆ ಮಾಡಿಸಿ, ತಲೆಗೆ ತಂತಿ ಅಂಟಿಸಿ, ಸದ್ದಿಗೆ ಮಿದುಳು ಏನು ಹೇಳುತ್ತದೆ ಎಂದು ನೇರವಾಗಿ ಅದನ್ನೇ ಕೇಳುತ್ತಾರೆ. ಬಟಾಣಿಯ ಮಿದುಳು ಏನೂ ಹೇಳಲಿಲ್ಲ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಪರದೆಯ ಮೇಲಿನ ಗೆರೆ ಹಾಸಿದ ಹಾಗೆ ಸಪಾಟಾಗಿತ್ತು.

"ನಾಲ್ಕೂವರೆ ವರ್ಷದ ತನಕ ಯಾಕಮ್ಮ ಬಿಟ್ಟಿರಿ?" ಎಂದರು ಅಲ್ಲಿಯ ವೈದ್ಯೆ. "ಮಾತು ಕಲಿಯೋ ಕಾಲ ಎಲ್ಲಾ ಕಳೆದು ಹೋಯ್ತಲ್ಲ. ಈಗ ಏನು ಮಾಡಿದ್ರೂ ಅರ್ಧಂಬರ್ಧ. ಎಲ್ಲೂ ತೋರಿಸ್ಲೇ ಇಲ್ವಾ?"

"ತೋರಿಸಿದ್ವಿ. ಕಿವಿ ಸರಿ ಇದೆ ಅಂದ್ರು."

"ಯಾರಂದ್ರು?"

"ನಾವೇ," ಎಂದಳು.

ಬಸ್ಸಿನಲ್ಲಿ ಇಡೀ ದಾರಿ ಮಗು ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡು ಕೂತಿತ್ತು. ಎಂಜಿನ್ ಜೋರಾದಾಗ ತಾಯಿಯ ಕಡೆ ತಿರುಗಿ ನಗುತ್ತಿತ್ತು. ಇಷ್ಟು ದಿನ ಇದನ್ನು ನೋಡಿಯೂ ನೋಡಲಿಲ್ಲವಲ್ಲ ಎಂದುಕೊಂಡು ಅವಳು ತಾನೂ ಸರಳಿಗೆ ಹಣೆ ಒತ್ತಿದಳು.

ಮನೆಗೆ ಬಂದರೆ ಗಂಡನ ಮುಖ ಅರಳಿತ್ತು. ಒಂದು ವಾರದಿಂದ ಗಡ್ಡ ಕೆರೆದಿರಲಿಲ್ಲ, ಹೊತ್ತಿಗೆ ಸರಿಯಾಗಿ ಉಂಡಿರಲಿಲ್ಲ. ಮೇಜಿನ ಮೇಲೆ ಹೊಸ ಯಂತ್ರ. ರಿಲೇಗಳನ್ನೆಲ್ಲ ಕಿತ್ತು ಹಾಕಿ, ಹಿಂದೆ ಬೇಡವೆಂದಿದ್ದ ದೀಪದ ಉಪಾಯವನ್ನೇ ತಂದಿದ್ದ. ಕಾವಿಗೆ ಜಾರುವ ಅಳತೆಯನ್ನು ಹಿಡಿದು ನಿಲ್ಲಿಸಲು ಇನ್ನೊಂದು ದೀಪ, ಅದಕ್ಕೊಂದು ಕಾವಲು. ಜಾಣತನದ ಕೆಲಸ, ಅವಳಿಗೇ ಹೊಳೆದಿರಲಿಲ್ಲ. ಆಸ್ಪತ್ರೆಯ ಕಾಗದವನ್ನು ಅವನ ಕೈಗಿತ್ತಳು. ಓದಿದ. ನಿಧಾನವಾಗಿ ಮಡಿಸಿ ಜೇಬಿಗಿಟ್ಟುಕೊಂಡ.

"ಒಂದ್ಸಲ ಕೂರಿಸೋಣ್ವಾ?" ಎಂದ.

"ಯಾರನ್ನ?"

"ಬಟಾಣೀನ. ನೀನೇ ಯೋಚನೆ ಮಾಡು. ಮೇಜಿನಲ್ಲಿ ಏನಾದ್ರೂ ಉಳಿದಿದ್ರೆ ನಮ್ಮಂಥೋರಿಗೆ ಗೊತ್ತಾಗಲ್ಲ. ಇವಳಿಗೆ ಗೊತ್ತಾಗುತ್ತೆ. ಇವಳಿಗಿಂತ ಒಳ್ಳೆ ಪರೀಕ್ಷೆ ಎಲ್ಲಿ ಸಿಗುತ್ತೆ ಹೇಳು?"

ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಅವಳಿಗೆ ಉರಿದದ್ದು ಅದಕ್ಕೇ. ಬೇಡ ಎನ್ನಲು ಅವಳಲ್ಲಿ ಶಕ್ತಿ ಇರಲಿಲ್ಲ, ಎಂದಿದ್ದರೂ ಪ್ರಯೋಜನವಿರಲಿಲ್ಲ. ಬಟ್ಟಲು ಕಂಡದ್ದೇ ಬಟಾಣಿ ಚಪ್ಪಲಿ ಕಳಚಿ ಎಸೆದು ಕುರ್ಚಿ ಹತ್ತಿ ಆಗಿತ್ತು. ಹೆಡ್‌ಫೋನನ್ನು ತಾನೇ ಹಾಕಿಕೊಂಡಳು. ಮೊಣಕೈ ಊರಿದಳು, ಮಣಿ ಹಿಡಿದಳು.

ಅಪ್ಪ ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ. ಬಟಾಣಿ ಮೊಣಕೈಗಳನ್ನು ಸರಿಮಾಡಿಕೊಂಡಳು. ಅವನು ಜೋರು ಮೆಟ್ಟಿಲಿಗೆ ಏರಿಸಿ ಒತ್ತಿದ. ಮಗು ಇನ್ನೊಂದು ಕೈಯನ್ನು ಮೇಜಿನ ಮೇಲೆ ಹರವಿತು, ಆಮೇಲೆ ಬಗ್ಗಿ ಕೆನ್ನೆಯನ್ನೇ ಹಲಗೆಗೆ ಒತ್ತಿತು. ಕಣ್ಣು ಮಾತ್ರ ಅಪ್ಪನ ಮುಖದ ಮೇಲೆ. ಯಾವತ್ತೂ ತಪ್ಪದ ಆಟದಲ್ಲಿ ಇವತ್ತು ತಾನೇನೋ ತಪ್ಪುತ್ತಿದ್ದೇನೆ ಎಂಬ ಹೆದರಿಕೆ ಅದರ ತುಟಿಯ ಮೇಲೆ ಶುರುವಾಗಿತ್ತು. ಅವನು ಒತ್ತುತ್ತ ಹೋದ. ಮಣಿ ಬೀಳದೆ ಹೋದಷ್ಟೂ ಅವನ ಮುಖ ಬೆಳಗುತ್ತಿತ್ತು.

"ಇಲ್ಲ! ಏನೂ ಇಲ್ಲ! ಗೆದ್ದೆ ಕಣೇ!" ಎಂದು ಅಂಗೈಯಿಂದ ಮೇಜನ್ನು ಫಟ್ಟೆಂದು ಬಡಿದ.

ಟಣ್. ಮಣಿ ಬಟ್ಟಲಿಗೆ ಬಿತ್ತು.

ಬಟಾಣಿ ತಲೆ ಎತ್ತಿ, ಮುಖ ತುಂಬ ನಗುತ್ತ, ಅಪ್ಪನ ಬಾಯಿಯನ್ನೇ ನೋಡುತ್ತ ಕೂತಳು.

"ಶಬಾಶ್ ಅನ್ನಿ. ಕಾಯ್ತಾ ಇದ್ದಾಳೆ," ಎಂದಳು ಅವಳಮ್ಮ.

ಅವನು ಬಡಿದ ಕೈಯನ್ನು ಮೇಜಿನ ಮೇಲಿಂದ ಎತ್ತಲೇ ಇಲ್ಲ.